ಏಳು ಮತಗಳ ರಾತ್ರಿ

ಎಣಿಕೆ ನಡೆಯುತ್ತಿದ್ದ ಕೋಣೆಯಿಂದ ಕಾಲೇಜಿನ ಗೇಟಿಗೆ ಸುಮಾರು ಇನ್ನೂರು ಹೆಜ್ಜೆ. ಒಳಗೆ ಹೋಗುವಾಗಲೇ ಮೊಬೈಲ್ ಇಸಿದಿಟ್ಟುಕೊಂಡಿದ್ದರು. ಹಾಗಾಗಿ ನಾವು ಗೆದ್ದ ಸುದ್ದಿ, ಆ ಇನ್ನೂರು ಹೆಜ್ಜೆ ನಡೆಯುವಷ್ಟು ಹೊತ್ತು, ನಮ್ಮೂರಿನವರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ನಾನು, ಗೆದ್ದವರ ಕಡೆಯ ಏಜೆಂಟು. ಇನ್ನೊಬ್ಬ ಸೋತವರ ಕಡೆಯ ಏಜೆಂಟು. ನಮ್ಮ ಪಕ್ಕದ ಮನೆಯವನು, ಒಂದರಿಂದ ಏಳನೇ ಕ್ಲಾಸಿನವರೆಗೆ ನನ್ನ ಜೊತೆ ಓದಿದವನು, ಸೋತ ಅಭ್ಯರ್ಥಿಯ ಮಗ. ಇಬ್ಬರೂ ಜೊತೆಯಲ್ಲೇ ನಡೆದೆವು. ಮೈದಾನದ ನಡುವೆ ಬಂದಾಗ ಅವನು ಜೇಬಿನಿಂದ ಒಂದು ಪೆನ್ನು ತೆಗೆದು, 'ತಗೊ, ನಿಂದೇ ಇದು' ಅಂದ. ಬೆಳಿಗ್ಗೆ ಅವನ ಪೆನ್ನು ಬರೆಯದೆ ಹೋದಾಗ ನನ್ನ ಹತ್ತಿರ ಇಸಿದುಕೊಂಡಿದ್ದ. ಅಮ್ಮನ ಸೋಲನ್ನು ಅವನು ಲೆಕ್ಕ ಹಾಕಿದ್ದು ನನ್ನ ಪೆನ್ನಿನಲ್ಲಿ.

ಅದು 2020 ರ ಡಿಸೆಂಬರ್ 30, ಬುಧವಾರ. ಕೊರೋನಾದ ನಡುವೆಯೇ ರಾಜ್ಯದಲ್ಲಿ ಗ್ರಾಮ ಪಂಚಾಯತಿ ಚುನಾವಣೆ ನಡೆದಿತ್ತು. ಡಿಸೆಂಬರ್ 22 ಕ್ಕೆ ಮೊದಲ ಹಂತ, 27 ಕ್ಕೆ ಎರಡನೆಯದು. ತುಮಕೂರು ಜಿಲ್ಲೆಯ ನಮ್ಮ ತಾಲ್ಲೂಕು ಎರಡನೇ ಹಂತದಲ್ಲಿತ್ತು. ಬೀದರ್ ಜಿಲ್ಲೆಯೊಂದನ್ನು ಬಿಟ್ಟರೆ ಎಲ್ಲ ಕಡೆಯೂ ಹಳೆಯ ಕಾಲದ ಹಾಗೆ ಮತಪತ್ರ, ಮುದ್ರೆ, ಡಬ್ಬ. ಆದ್ದರಿಂದಲೇ ಎಣಿಕೆ ಬೆಳಿಗ್ಗೆ ಎಂಟಕ್ಕೆ ಶುರುವಾದರೂ ನಮ್ಮ ಪಂಚಾಯತಿಯ ಹೆಸರನ್ನು ಮೈಕಿನಲ್ಲಿ ಕೂಗುವಾಗ ಸಂಜೆ ಐದು ದಾಟಿತ್ತು.

ನಮ್ಮದು ಒಂದೇ ಸ್ಥಾನದ ಪುಟ್ಟ ಕ್ಷೇತ್ರ. ಪಟ್ಟಿಯಲ್ಲಿದ್ದ ಮತದಾರರು 338. ಮತ ಹಾಕಿದವರು 301. ಸಾಮಾನ್ಯ ಮಹಿಳೆಗೆ ಮೀಸಲಾಗಿದ್ದ ಆ ಸ್ಥಾನಕ್ಕೆ ಮೂವರು ನಿಂತಿದ್ದರು. ಹೊಲಿಗೆ ಯಂತ್ರಕ್ಕೆ 137, ಆಟೋಗೆ 130, ಇನ್ನೊಬ್ಬರಿಗೆ 25. ಒಂಬತ್ತು ತಿರಸ್ಕೃತ. ಅಂಕಿಗಳು ಹೇಳುವುದು ಇಷ್ಟೇ. ಆ ರಾತ್ರಿ ನನಗೇನಾಯಿತು ಅಂತ ಹೇಳಬೇಕಾದರೆ ಒಂಬತ್ತು ತಿಂಗಳು ಹಿಂದಕ್ಕೆ ಹೋಗಬೇಕು.

ಮಾರ್ಚಿಯಲ್ಲಿ ಲಾಕ್‌ಡೌನ್ ಆದಾಗ ಹಾಸ್ಟೆಲ್ ಮುಚ್ಚಿ ನಾನು ಊರಿಗೆ ಬಂದೆ. ಬಿ.ಎ. ಎರಡನೇ ವರ್ಷದ ಪಾಠ ಮೊಬೈಲಿಗೆ ಬಂತು. ಮೊಬೈಲಿಗೆ ಸಿಗ್ನಲ್ ಬರಬೇಕಾದರೆ ಕೆರೆ ಏರಿಗೆ ಹೋಗಬೇಕು. ಬಿಸಿಲೇರಿದ ಮೇಲೆ ಏರಿಯಿಂದ ಇಳಿದು ಬಂದು ನಾನು ಕೂರುತ್ತಿದ್ದದ್ದು ಅಕ್ಕನ ಮನೆಯ ಪಡಸಾಲೆಯಲ್ಲಿ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಹನ್ನೆರಡು ವರ್ಷದ ಹಿಂದೆ ನಮ್ಮೂರಿಗೆ ಸೊಸೆಯಾಗಿ ಬಂದು, ಬ್ಲೌಸ್ ಹೊಲಿದು ಮನೆ ನಡೆಸುತ್ತಿದ್ದವಳು. ಅವಳು ಹೊಲಿದ ರವಿಕೆಗಳಿಗೆ ನಾನು ಹುಕ್ಕು ಹಾಕುತ್ತಿದ್ದೆ. ಮದುವೆಗಳೆಲ್ಲ ನಿಂತು ಹೊಲಿಗೆ ಕೆಲಸವೂ ನಿಂತ ಮೇಲೆ ಇಬ್ಬರೂ ನರೇಗಾ ಕೆಲಸಕ್ಕೆ ಹೋದೆವು. ದಿನಕ್ಕೆ 275 ರೂಪಾಯಿ. ಬೆಂಗಳೂರಿನ ಗಾರ್ಮೆಂಟ್ಸು, ಹೋಟೆಲು ಬಿಟ್ಟು ಬಂದ ಹುಡುಗರೆಲ್ಲ ಅಲ್ಲೇ ಗುದ್ದಲಿ ಹಿಡಿದಿದ್ದರು. ಜಾಬ್ ಕಾರ್ಡ್ ಮಾಡಿಸುವುದಕ್ಕೆ ಪಂಚಾಯತಿ ಆಫೀಸಿಗೆ ಅಲೆಯುವಾಗ ಅಕ್ಕನಿಗೆ ಒಂದು ವಿಷಯ ತಿಳಿಯಿತು. ಅಲ್ಲಿ ಅರ್ಜಿ ಹಿಡಿದು ನಿಂತವರಿಗಿಂತ ಕುರ್ಚಿಯ ಮೇಲೆ ಕೂತವರಿಗೆ ಹೆಚ್ಚೇನೂ ಗೊತ್ತಿರಲಿಲ್ಲ. 'ಇಷ್ಟೇನಾ? ಇದನ್ನ ನಾನೂ ಮಾಡ್ತೀನಿ' ಅಂದಳು. ಅವಳ ರಾಜಕೀಯ ಶುರುವಾದದ್ದು ಆ ಮಾತಿನಿಂದ.

ನೀರಿನ ವಿಷಯವೂ ಇತ್ತು. ನಮ್ಮ ಬೀದಿಯ ಸಿಸ್ಟನ್ನಿಗೆ ವಾರಕ್ಕೆರಡು ದಿನ ನೀರು. ಕೆಳಗಿನ ಬೀದಿಗೆ ಅದೂ ಇಲ್ಲ. ಊರ ಮುಂದೆ ಕೆಟ್ಟು ನಿಂತಿರುವ ಹಳೆಯ ಕೈಪಂಪೊಂದಿದೆ, ನಮ್ಮಜ್ಜಿ ಈಗಲೂ ಅದನ್ನು 'ನೀರ್ ಸಾಬ್ರ ಬೋರು' ಅನ್ನುತ್ತಿತ್ತು. ಅಬ್ದುಲ್ ನಜೀರ್ ಸಾಬರ ಹೆಸರನ್ನು ನಾನು ರಾಜ್ಯಶಾಸ್ತ್ರದ ನೋಟ್ಸಿನಲ್ಲಿ ಓದಿದ್ದೆ. 1983 ರ ಕಾಯ್ದೆ, 1987 ರ ಚುನಾವಣೆ, ಹೆಂಗಸರಿಗೆ ಶೇಕಡಾ 25 ಮೀಸಲಾತಿ. ಐದು ಅಂಕದ ಪ್ರಶ್ನೆ. ಅದೇ ಸಾಬರು ನಮ್ಮಜ್ಜಿಯ ಪಾಲಿಗೆ ಒಂದು ಕೈಪಂಪು. ಈಗ ಪಂಚಾಯತಿಯಲ್ಲಿ ಅರ್ಧ ಸ್ಥಾನ ಹೆಂಗಸರದು. ಅಕ್ಕ ನಾಮಪತ್ರ ಹಾಕಿದ ದಿನ ನಾನು ಇದನ್ನೆಲ್ಲ ಅವಳಿಗೆ ವಿವರಿಸಿದೆ. ಅವಳು ದಾರ ಪೋಣಿಸುತ್ತಾ ಕೇಳಿ, 'ಅದಿರ್ಲಿ, ಕೆಳಗಿನ ಬೀದಿಗೆ ಪೈಪ್ ಹಾಕ್ಸೋಕೆ ಎಷ್ಟು ಉದ್ದ ಆಗ್ಬೋದು, ಅಳತೆ ಮಾಡ್ಬೇಕಲ್ಲ' ಅಂದಳು. ಸಂಜೆ ಇಬ್ಬರೂ ಹೊಲಿಗೆ ಟೇಪು ಹಿಡಿದು ಬೀದಿ ಅಳೆದೆವು. ನೋಡಿದವರು ನಕ್ಕರು. ನಾನು ಅವಳ ಪರವಾಗಿ ಓಡಾಡಲು ನಿರ್ಧರಿಸಿದ್ದು ಆ ಸಂಜೆ.

ಎದುರು ನಿಂತವರು ದೊಡ್ಡಮ್ಮ. ಇವರೂ ರಕ್ತಸಂಬಂಧವಲ್ಲ, ಗೋಡೆಸಂಬಂಧ. ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅಮ್ಮ ಕೂಲಿಗೆ ಹೋದಾಗ ನಾನು ಊಟ ಮಾಡುತ್ತಿದ್ದದ್ದು ಅವರ ಮನೆಯಲ್ಲಿ. ಅವರ ಯಜಮಾನರು ಹಿಂದೆ ಒಂದು ಸಲ ಸದಸ್ಯರಾಗಿದ್ದವರು. ಸ್ಥಾನ ಹೆಂಗಸರಿಗೆ ಬಂದದ್ದರಿಂದ ಹೆಂಡತಿಯನ್ನು ನಿಲ್ಲಿಸಿದರು. ನಮ್ಮ ಕಡೆ ಇದು ಹೊಸತೇನಲ್ಲ. 'ನಿಲ್ಲು ಅಂದ್ರು, ನಿಂತೆ' ಎಂದು ದೊಡ್ಡಮ್ಮನೇ ನಗುತ್ತಾ ಹೇಳಿದ್ದರು. ನಾನು ಯಾರ ಕಡೆ ಎಂದು ಊರಿಗೆಲ್ಲ ಗೊತ್ತಾದ ಮೇಲೆ ಒಂದು ದಿನ ಹಿತ್ತಿಲಿನಲ್ಲಿ ಸಿಕ್ಕು, 'ನಮ್ಮನೆಗೆ ಓಟ್ ಕೇಳೋಕ್ ಬರ್ಬೇಡ ಕಣವ್ವ. ಕಾಫಿ ಕುಡಿಯೋಕೆ ಬಾ' ಅಂದರು. ನನಗೆ ಹೋಗಲು ಆಗಲಿಲ್ಲ. ಓಟು ಕೇಳದೆ ಕಾಫಿ ಕುಡಿದರೆ ನಮ್ಮ ಕಡೆಯವರಿಗೆ ಅನುಮಾನ. ಓಟು ಕೇಳಿ ಕಾಫಿ ಕುಡಿದರೆ ನನಗೇ ಅಸಹ್ಯ.

ಆ ಸಲ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು. ದೇವಸ್ಥಾನಕ್ಕೆ ಹೆಚ್ಚು ದುಡ್ಡು ಕೊಟ್ಟವರು ಅವಿರೋಧ. ನಮ್ಮೂರಿನಲ್ಲೂ ಅರಳಿಕಟ್ಟೆಯ ಮೇಲೆ ಹಾಗೊಂದು ಮಾತೆದ್ದಿತು. 'ಸುಮ್ನೆ ಯಾಕೆ ಊರು ಒಡೀಬೇಕು' ಅನ್ನುವುದು ಹಿರಿಯರ ವಾದ. ನಾನು ಎದ್ದು ನಿಂತು, ಓಟು ಅಂದರೆ ಊರು ಒಡೆಯುವುದಲ್ಲ, ಎಣಿಸುವುದು ಅಂತ ಏನೋ ದೊಡ್ಡ ಮಾತಾಡಿದೆ. ಹತ್ತೊಂಬತ್ತು ವರ್ಷಕ್ಕೆ ಅಂಥ ಮಾತು ಸುಲಭವಾಗಿ ಬರುತ್ತದೆ. ಹರಾಜಿನ ಮಾತು ಬಿದ್ದುಹೋಯಿತು. ನನ್ನ ಮಾತಿನಿಂದಲ್ಲ, ಕೊಡುವ ದುಡ್ಡಿನ ಬಗ್ಗೆ ಒಮ್ಮತ ಬರಲಿಲ್ಲವಂತೆ. ಆದರೂ ಅಂದಿನಿಂದ ನಾನು ಆ ಚುನಾವಣೆಯಲ್ಲಿ ಶುದ್ಧವಾದ ಕಡೆ ಇದ್ದೇನೆ ಅಂದುಕೊಂಡೆ.

ನನ್ನ ಕೆಲಸ ಒಂದು ನೋಟ್‌ಬುಕ್ಕು. ಇನ್ನೂರು ಪುಟದ, ಉದ್ದ ಗೆರೆಯದು. ಮತದಾರರ ಪಟ್ಟಿಯನ್ನು ಮನೆಮನೆಯಾಗಿ ವಿಂಗಡಿಸಿ ಅದರಲ್ಲಿ ಬರೆದೆ. ಪ್ರತಿ ಹೆಸರಿನ ಮುಂದೆ ಒಂದು ಗುರುತು. ನಮಗೆ ಹಾಕುವವರಿಗೆ ಸರಿ ಗುರುತು, ಹಾಕದವರಿಗೆ ತಪ್ಪು ಗುರುತು, ಗೊತ್ತಾಗದವರಿಗೆ ಕೆಂಪು ಶಾಯಿಯ ಪ್ರಶ್ನಾರ್ಥಕ. ಹೆಸರಿನ ಪಕ್ಕದಲ್ಲಿ ಸಣ್ಣ ಅಕ್ಷರದ ಟಿಪ್ಪಣಿ: 'ಪಿಂಚಣಿ ನಿಂತಿದೆ', 'ಮಗ ಬೆಂಗಳೂರಿನಿಂದ ಬರಬೇಕು', 'ಕಣ್ಣು ಕಾಣಿಸುವುದಿಲ್ಲ, ಚಿಹ್ನೆ ಎಷ್ಟನೆಯದು ಅಂತ ಹೇಳಬೇಕು', 'ಅಕ್ಕನ ಮೇಲೆ ಹಳೇ ಸಿಟ್ಟು, ರವಿಕೆ ಬಿಗಿಯಾಗಿತ್ತಂತೆ'. ಕೊನೆಗೆ ಪ್ರಶ್ನಾರ್ಥಕಗಳು ಉಳಿದದ್ದು 43. ಆ 43 ಜನರ ಮನೆಗೆ ನಾನು ಮತ್ತೆ ಮತ್ತೆ ಹೋದೆ. ಮುದುಕಿಯರಿಗೆ ಮುದ್ರೆ ಹೇಗೆ ಒತ್ತಬೇಕು, ಶಾಯಿ ಇನ್ನೊಂದು ಚಿಹ್ನೆಗೆ ಅಂಟದ ಹಾಗೆ ಮತಪತ್ರವನ್ನು ಮೊದಲು ಉದ್ದಕ್ಕೆ ಹೇಗೆ ಮಡಿಸಬೇಕು ಅಂತ ಹಳೇ ಪೇಪರಿನಲ್ಲಿ ತೋರಿಸಿಕೊಟ್ಟೆ. ಯಾರ ಮನೆಯ ಹೊಸ್ತಿಲು ಎಷ್ಟು ಎತ್ತರ ಅಂತ ನನ್ನ ಕಾಲಿಗೆ ಗೊತ್ತಾಗುವಷ್ಟು ತಿರುಗಿದೆ.

ಪ್ರಾಮಾಣಿಕತೆಯ ಹುಮ್ಮಸ್ಸಿನಲ್ಲಿ ನಮ್ಮ ಮನೆಗೂ ಗುರುತು ಹಾಕಿದೆ. ಅಪ್ಪ, ಅಮ್ಮ, ನಾನು: ಮೂರು ಸರಿ ಗುರುತು. ಅಜ್ಜಿಯ ಮುಂದೆ ಪ್ರಶ್ನಾರ್ಥಕ. ಅಜ್ಜಿಗೂ ದೊಡ್ಡಮ್ಮನಿಗೂ ನಲವತ್ತು ವರ್ಷದ ಎಲೆಯಡಿಕೆಯ ಸ್ನೇಹ. ಕೇಳಿದರೆ, 'ಅದೇನ್ ಗುಟ್ಟು ಅಂತಲ್ವಾ ಮರೆ ಕಟ್ಟಿರೋದು? ನಿಂಗ್ಯಾಕೆ?' ಅನ್ನುತ್ತಿತ್ತು.

ಡಿಸೆಂಬರ್ 25 ರ ಸಂಜೆ ಬಹಿರಂಗ ಪ್ರಚಾರ ಮುಗಿಯಿತು. ಅಕ್ಕನ ಮೈದುನ ನನ್ನ ಹತ್ತಿರ ಬಂದು, 'ಆ ಬುಕ್ಕು ಒಂದಿನ ಕೊಡವ್ವ, ಜೆರಾಕ್ಸ್ ಮಾಡ್ಸಿ ಕೊಡ್ತೀನಿ' ಅಂದ. ಕೊಟ್ಟೆ. ಹೆಮ್ಮೆಯಿಂದಲೇ ಕೊಟ್ಟೆ. ಮಾರನೆಯ ದಿನ ರಾತ್ರಿ ವಾಪಸು ಬಂತು. ಜೆರಾಕ್ಸ್ ಯಾಕೆ ಬೇಕಿತ್ತು ಅಂತ ನಾನು ಕೇಳಲಿಲ್ಲ.

ಎಣಿಕೆಯ ಮೇಜಿನ ಮೇಲೆ ಡಬ್ಬ ಒಡೆದು ಮತಪತ್ರಗಳನ್ನು ಸುರಿದಾಗ ನನಗೆ ಅನ್ನಿಸಿದ್ದು, ಇಷ್ಟೇನಾ ಅಂತ. ಮೂರು ವಾರ ನಾನು ಹತ್ತಿಳಿದ ಹೊಸ್ತಿಲುಗಳೆಲ್ಲ ಒಂದು ಮೊರದಷ್ಟು ಕಾಗದ. ಒಂದೊಂದನ್ನೂ ಬಿಡಿಸಿ, ನಮ್ಮ ಕಡೆ ತೋರಿಸಿ, ಗುಡ್ಡೆ ಹಾಕುತ್ತಾ ಹೋದರು. ನಾನು ಉದ್ದಕ್ಕೆ ಮಡಿಸಲು ಕಲಿಸಿದ್ದೆನಲ್ಲ, ಹಾಗೆ ಮಡಿಸಿದವು ಬಂದಾಗಲೆಲ್ಲ ಇದು ನಮ್ಮದು ಅಂದುಕೊಳ್ಳುತ್ತಿದ್ದೆ. ಬಿಡಿಸಿದರೆ ಕೆಲವು ಆಟೋಗೆ ಬಿದ್ದಿರುತ್ತಿದ್ದವು. ನನ್ನಿಂದ ಮಡಿಸುವುದನ್ನು ಕಲಿತು ದೊಡ್ಡಮ್ಮನಿಗೆ ಹಾಕಿದವರು! ನಗು ಬಂತು. ಒಂದು ಮತಪತ್ರದಲ್ಲಿ ಹೊಲಿಗೆ ಯಂತ್ರದ ಮೇಲೆ ಮುದ್ರೆಯ ಬದಲು ಹೆಬ್ಬೆಟ್ಟು ಒತ್ತಿತ್ತು. ಅಧಿಕಾರಿ ಅದನ್ನು ಎತ್ತಿ ತೋರಿಸಿ ತಿರಸ್ಕೃತದ ಕಡೆ ಇಟ್ಟರು. ಯಾರ ಹೆಬ್ಬೆಟ್ಟೋ. ಎಲ್ಲೋ ನಾನು ಸರಿಯಾಗಿ ಹೇಳಿಕೊಡದ ಒಂದು ಮನೆ. ಕೊನೆಯ ಕಟ್ಟಿನವರೆಗೂ ಇಬ್ಬರದೂ ಸಮಸಮ ಓಡುತ್ತಿತ್ತು. ಮತಗಳು ಸಮ ಬಂದರೆ ಚೀಟಿ ಎತ್ತುತ್ತಾರೆ ಅಂತ ಪಕ್ಕದ ಮೇಜಿನವರು ಹೇಳುತ್ತಿದ್ದರು. ಕೊನೆಗೆ ಏಳು ಎಂದರು. ದೊಡ್ಡಮ್ಮನ ಮಗ ಮತ್ತೊಮ್ಮೆ ಎಣಿಸಲು ಕೇಳಿದ. ಎಣಿಸಿದರು. ಏಳೇ.

ಗೇಟಿನ ಹೊರಗೆ ಬಂದು ನಾನು ಎರಡು ಕೈ ಎತ್ತಿದೆ ಅಷ್ಟೆ. ಮುಂದಿನದು ನನಗೆ ತುಂಡುತುಂಡಾಗಿ ನೆನಪಿದೆ. ಗುಲಾಲು, ತಮಟೆ, ಮಾಸ್ಕು ಗದ್ದಕ್ಕಿಳಿದ ಮುಖಗಳು. ಅಕ್ಕ ಒಂದು ಮರದ ಕೆಳಗೆ ಕೂತಿದ್ದಳು. ಎದೆ ಹೊಡೆದುಕೊಳ್ಳುತ್ತೆ, ನೀನೇ ಹೋಗು ಅಂತ ನನ್ನನ್ನು ಒಳಗೆ ಕಳಿಸಿದ್ದವಳು. ನನ್ನನ್ನು ತಬ್ಬಿಕೊಂಡು ಏನೂ ಮಾತಾಡದೆ ಅತ್ತಳು. ನಾನೂ ಅತ್ತೆ. ಆ ಅಳು ನನ್ನ ಬದುಕಿನ ತುಂಬು ಸಂತೋಷಗಳಲ್ಲಿ ಒಂದು, ಅದನ್ನು ನಾನು ಈಗಲೂ ಬಿಟ್ಟುಕೊಡುವುದಿಲ್ಲ. ರವಿಕೆ ಹೊಲಿಯುವವಳೊಬ್ಬಳು ಗೆದ್ದಿದ್ದಳು. ಬೀದಿಯನ್ನು ಹೊಲಿಗೆ ಟೇಪಿನಿಂದ ಅಳೆದವಳು ಗೆದ್ದಿದ್ದಳು.

ಟ್ರ್ಯಾಕ್ಟರಿನಲ್ಲಿ ಊರಿಗೆ ಬಂದೆವು. ಹೊಸ್ತಿಲು ಹುಣ್ಣಿಮೆಯ ಬೆಳದಿಂಗಳು. ಎರಡೂ ಕಡೆ ರಾಗಿ ಮೆದೆಗಳು, ಅವರೆ ಹೊಲದ ಸೊಗಡು, ಮೈ ಕೊರೆಯುವ ಚಳಿ. ಯಾರೋ ಒಂದು ಹಳೆಯ ಹೊಲಿಗೆ ಮೆಷಿನ್ ತಂದು ಟ್ರೇಲರಿನ ಮಧ್ಯೆ ಇಟ್ಟು ಹೂವಿನ ಹಾರ ಹಾಕಿದ್ದರು. ಊರ ಬಾಗಿಲಲ್ಲಿ ಪಟಾಕಿ ಹಚ್ಚಿದರು. ಮೆರವಣಿಗೆ ಪ್ರತಿ ಬೀದಿಗೂ ಹೋಗಬೇಕು ಎಂದು ಹುಡುಗರ ಹಟ. ನಮ್ಮ ಬೀದಿಗೆ ತಿರುಗಿದಾಗ ದೊಡ್ಡಮ್ಮನ ಮನೆಯ ಲೈಟು ಉರಿಯುತ್ತಿತ್ತು. ನಾವು ಹತ್ತಿರ ಬರುತ್ತಿದ್ದಂತೆ ಆರಿತು. ಹುಡುಗರು ಆ ಬಾಗಿಲ ಮುಂದೆಯೇ ನಿಂತು ತಮಟೆ ಜೋರು ಮಾಡಿದರು. ಒಬ್ಬ ಆಟೋದ ಹಾರನ್ನಿನ ಹಾಗೆ ಬಾಯಲ್ಲಿ ಸದ್ದು ಮಾಡಿದ. ಎಲ್ಲರೂ ನಕ್ಕರು. ನಾನು ಟ್ರೇಲರಿನ ಮೇಲೆ ನಿಂತಿದ್ದೆ. ನಗಲಿಲ್ಲ, ಆದರೆ ಇಳಿಯಲೂ ಇಲ್ಲ. 'ಸಾಕು ನಡೀರ್ರೋ' ಅನ್ನಬೇಕು ಅಂತ ಬಾಯಿಗೆ ಬಂದದ್ದು ಬಾಯಲ್ಲೇ ಉಳಿಯಿತು. ದೊಡ್ಡಮ್ಮ ಹೊಸ್ತಿಲಿಗೆ ಹಚ್ಚಿದ್ದ ಅರಿಸಿನ ಕುಂಕುಮ ಆ ಬೆಳದಿಂಗಳಲ್ಲೂ ಕಾಣುತ್ತಿತ್ತು. ಗುಲಾಲು ಹಾರಿ ಅದರ ಮೇಲೂ ಬಿತ್ತು.

ಮನೆಗೆ ಬಂದಾಗ ಹತ್ತು ಗಂಟೆ. ಅಪ್ಪ ಅಮ್ಮ ಮೆರವಣಿಗೆಯ ಹಿಂದೆಯೇ ಹೋಗಿದ್ದರು. ಅಜ್ಜಿ ಒಲೆಯ ಮುಂದೆ ಕೂತು ಬೆಂಕಿ ಕಾಯಿಸುತ್ತಿತ್ತು.

'ಗೆದ್ರಾ?'

'ಗೆದ್ವಿ ಅಜ್ಜಿ. ಏಳು ಓಟು.'

'ಒಳ್ಳೇದಾಯ್ತು ಬಿಡು' ಅಂತ ಹೇಳಿ, ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ನಾಲ್ಕು ಮಡಿಕೆ ಮಾಡಿದ್ದ ಐನೂರರ ನೋಟೊಂದನ್ನು ತೆಗೆದು ನನ್ನ ಮುಂದೆ ಇಟ್ಟಿತು. 'ಇದನ್ನ ನಿಮ್ಮೋರಿಗೇ ಕೊಟ್ಬಿಡು. ನಂಗ್ಯಾಕೆ ಬೇಕು.'

'ಯಾರು ಕೊಟ್ರು?'

'ಇನ್ಯಾರು, ನಿಮ್ಮಕ್ಕನ ಮೈದ್ನ. ಓಟಿನ ಹಿಂದಿನ ರಾತ್ರಿ. ನೀನು ಮಲಗಿದ್ದೆ. ಅವ್ನ ಕೈಲಿ ಒಂದು ಚೀಟಿ ಇತ್ತು. ಬ್ಯಾಟ್ರಿ ಬಿಟ್ಕೊಂಡು ನೋಡ್ಕೊಂಡು ನೋಡ್ಕೊಂಡು ಹೋಗ್ತಿದ್ದ. ನಮ್ಮನೇಲಿ ನಂಗೊಬ್ಳಿಗೇ ಅಂತೆ. ಮಿಕ್ಕೋರೆಲ್ಲ ಬೇಡ ಅಂದ.'

ಒಲೆಯ ಬೆಂಕಿ ಇದ್ದರೂ ನನ್ನ ಕೈಕಾಲು ತಣ್ಣಗಾದವು. ನಮ್ಮ ಮನೆಯಲ್ಲಿ ಅಜ್ಜಿ ಒಬ್ಬಳಿಗೇ. ಯಾಕೆಂದರೆ ನಮ್ಮ ಮನೆಯಲ್ಲಿ ಪ್ರಶ್ನಾರ್ಥಕ ಇದ್ದದ್ದು ಅಜ್ಜಿ ಒಬ್ಬಳ ಮುಂದೆ. ನಾನು ಯಾರ ಜೊತೆ ಇನ್ನೂ ಮಾತಾಡಬೇಕು ಅಂತ ಬರೆದಿಟ್ಟ ಪಟ್ಟಿ, ಯಾರಿಗೆ ದುಡ್ಡು ಕೊಡಬೇಕು ಅನ್ನುವ ಪಟ್ಟಿಯಾಗಿತ್ತು. ಸರಿ ಗುರುತಿನವರಿಗೆ ಕೊಡುವ ಅಗತ್ಯವಿಲ್ಲ, ತಪ್ಪು ಗುರುತಿನವರಿಗೆ ಕೊಟ್ಟರೂ ದಂಡ. ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿಕೊಟ್ಟಿದ್ದೆ ನಾನು! 43 ಪ್ರಶ್ನೆಗಳು, ತಲಾ ಐನೂರು, 21,500 ರೂಪಾಯಿ. ಅಂತರ ಏಳು.

'ದೊಡ್ಡಮ್ಮನ ಕಡೆಯೋರೂ ಕೊಟ್ರಾ?' ಅಂತ ಕೇಳಿದೆ. ಅವರೂ ಕೊಟ್ಟಿರಲಿ ಅಂತ ನನ್ನ ಮನಸ್ಸು ಬೇಡಿಕೊಳ್ಳುತ್ತಿತ್ತು. ಅಜ್ಜಿ ನನ್ನ ಮುಖ ನೋಡಿತು. 'ನಂಗೆ ಕೊಡ್ಲಿಲ್ಲ. ಬೇರೆಯೋರ ಮನೆ ಸುದ್ದಿ ನಂಗ್ಗೊತ್ತಿಲ್ಲ' ಅಂತು. ಆಮೇಲೆ ತಡೆದು, 'ನಾನು ಯಾರಿಗ್ ಹಾಕ್ದೆ ಅಂತ ಮಾತ್ರ ಕೇಳ್ಬೇಡ' ಅಂತ ಹೇಳಿ ಬೆಂಕಿಗೆ ತೆಂಗಿನ ಮಟ್ಟೆ ನೂಕಿತು.

ನೋಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ. ಅಂಗಳದಲ್ಲಿ ಪೆಂಡಾಲು, ಬಾಡೂಟದ ಪಾತ್ರೆಗಳು, ಯಾರುಯಾರೋ ಹೊಸಬರು. ಪಂಚಾಯತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಆದರೆ ಎರಡು ಪಕ್ಷದ ಮುಖಂಡರಿಂದಲೂ ಆಗಲೇ ಫೋನು ಬಂದಿತ್ತಂತೆ, 'ನೀವು ನಮ್ಮವರೇ' ಅಂತ. ಮಾರನೆಯ ದಿನದ ಪೇಪರು ನೋಡಿದರೆ ಎಲ್ಲ ಪಕ್ಷಗಳೂ ಗೆದ್ದಿದ್ದವು. ಅಕ್ಕ ಒಳಗೆ, ಹೊಲಿಗೆ ಮೆಷಿನ್ನಿನ ಪಕ್ಕ, ನೆಲದ ಮೇಲೆ ಒಬ್ಬಳೇ ಕೂತಿದ್ದಳು. ಕುತ್ತಿಗೆಯಲ್ಲಿ ಹಾರ ಹಾಗೇ ಇತ್ತು. ನಾನು ಬಾಗಿಲು ಮುಂದೆ ಮಾಡಿ, ನೋಟನ್ನು ಅವಳ ಮುಂದೆ ಇಟ್ಟೆ.

'ಅಜ್ಜಿಗೆ ಕೊಟ್ಟಿದ್ರಂತೆ. ನನ್ನ ಬುಕ್ ನೋಡ್ಕೊಂಡು. ನಿಂಗೊತ್ತಿತ್ತಾ?'

ಅವಳು ಬಹಳ ಹೊತ್ತು ನೋಟನ್ನೇ ನೋಡಿದಳು.

'ಗೊತ್ತಿಲ್ಲ ಅಂದ್ರೆ ಸುಳ್ಳಾಗುತ್ತೆ. ಗೊತ್ತಿತ್ತು ಅಂದ್ರೂ ಪೂರ್ತಿ ನಿಜ ಅಲ್ಲ. ಏನೋ ಓಡಾಡ್ತಾವ್ರೆ ಅಂತ ಗೊತ್ತಾಗ್ತಿತ್ತು. ಕೇಳಿದ್ರೆ ಹೇಳ್ತಿದ್ರು. ಅದಕ್ಕೇ ಕೇಳ್ಲಿಲ್ಲ.'

'ಯಾರ ದುಡ್ಡು ಅದು?'

'ಅದನ್ನೂ ಕೇಳ್ಲಿಲ್ಲ.'

ಹೊರಗೆ ಯಾರೋ 'ಮೇಡಂ ಎಲ್ಲಿ? ಫೋಟೋ!' ಎಂದು ಕೂಗಿದರು. ಬೆಳಿಗ್ಗೆಯವರೆಗೆ ಅವಳು ಊರಿಗೆಲ್ಲ ಟೈಲರಕ್ಕ. ಈಗ ಮೇಡಂ. ಅವಳು ಎದ್ದು, ಸೆರಗು ಸರಿ ಮಾಡಿಕೊಂಡು, ನೋಟನ್ನು ನನ್ನ ಕೈಗೇ ವಾಪಸು ತುರುಕಿ, 'ನೀನು ನನ್ ಬಿಟ್ಟು ಹೋಗ್ಬೇಡ ಕಣೆ. ಕೆಳಗಿನ ಬೀದಿ ಪೈಪಿನ ಅರ್ಜಿ ಬರ್ಕೊಡೋಕೆ ನಂಗೆ ನೀನೇ ಬೇಕು' ಅಂದಳು. ಬಾಗಿಲು ತೆಗೆದಳು. ತಮಟೆಯ ಸದ್ದು ಒಳಗೆ ನುಗ್ಗಿತು.

ನನಗೆ ಬೈಯಬೇಕು ಅನ್ನಿಸಿತು. ಆದರೆ ಯಾವ ಬಾಯಲ್ಲಿ? ಜೆರಾಕ್ಸ್ ಯಾಕೆ ಅಂತ ನಾನೂ ಕೇಳಿರಲಿಲ್ಲ. ಪ್ರಚಾರವೇ ಮುಗಿದ ಮೇಲೆ, ಓಟಿಗೆ ಇನ್ನೊಂದೇ ದಿನ ಉಳಿದಿರುವಾಗ, ಮೂವತ್ತು ಪುಟದ ಜೆರಾಕ್ಸು ಯಾವ ಭಾಷಣಕ್ಕೆ ಬೇಕಾಗುತ್ತದೆ? ಅಷ್ಟು ತಿಳಿಯದಷ್ಟು ದಡ್ಡಿಯೇನಲ್ಲ ನಾನು. ಅಕ್ಕ ಕೇಳದೆ ಉಳಿದದ್ದು ಒಂದು ಮಾತನ್ನು, ನಾನು ಕೇಳದೆ ಉಳಿದದ್ದೂ ಅದೇ ಮಾತನ್ನು. ಅವಳು ಅದನ್ನು ಒಪ್ಪಿಕೊಂಡಳು, ಅಷ್ಟೇ ವ್ಯತ್ಯಾಸ.

ಆ ರಾತ್ರಿ ನಿದ್ದೆ ಬರಲಿಲ್ಲ. ನೋಟ್‌ಬುಕ್ ತೆಗೆದು ಲೆಕ್ಕ ಹಾಕುತ್ತಾ ಕೂತೆ. ಈ 43 ರಲ್ಲಿ ನನ್ನ ಮಾತಿಗೆ ಬಂದವರೆಷ್ಟು, ನೋಟಿಗೆ ಬಂದವರೆಷ್ಟು? ಪಿಂಚಣಿ ನಿಂತಿದ್ದ ಅಜ್ಜನ ಅರ್ಜಿಯನ್ನು ನಾನೇ ಬರೆದುಕೊಟ್ಟಿದ್ದೆ, ಅವರು ಅದಕ್ಕೆ ಹಾಕಿದರೋ, ಇದಕ್ಕೆ ಹಾಕಿದರೋ? ದುಡ್ಡು ಇಸಿದುಕೊಂಡು ಅವಮಾನವಾಗಿ ಆಟೋಗೆ ಹಾಕಿದವರೂ ಇರಬಹುದಲ್ಲ? ದುಡ್ಡು ಕೊಡದಿದ್ದರೂ ಗೆಲ್ಲುತ್ತಿದ್ದೆವೇನೋ. ಇನ್ನೂ ಹೆಚ್ಚಿನ ಅಂತರದಲ್ಲಿ ಗೆಲ್ಲುತ್ತಿದ್ದೆವೇನೋ. ಸೋಲುತ್ತಿದ್ದೆವೇನೋ. ಮತಪತ್ರದ ಮೇಲೆ ಮುದ್ರೆ ಮಾತ್ರ ಇರುತ್ತದೆ, ಕಾರಣ ಇರುವುದಿಲ್ಲ. ನೂರು ಮತದಿಂದ ಗೆದ್ದಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ. ಏಳು ಅನ್ನುವ ಅಂಕಿ ನನ್ನನ್ನು ಮಲಗಲು ಬಿಡಲಿಲ್ಲ. ಗೋಡೆಯ ಆಚೆ ದೊಡ್ಡಮ್ಮ ಒಮ್ಮೆ ಕೆಮ್ಮಿದರು. ಅವರಿಗೂ ನಿದ್ದೆ ಬಂದಿರಲಿಲ್ಲ.

ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಅವರು ತಮ್ಮ ಹೊಸ್ತಿಲನ್ನು ಉಜ್ಜಿ ತೊಳೆಯುತ್ತಿದ್ದರು. ಗುಲಾಲು ಬೇಗ ಹೋಗುವುದಿಲ್ಲ. ನಾನು ಬಕೆಟ್ ಹಿಡಿದು ಹತ್ತಿರ ಹೋದೆ. 'ಬೇಡ ಬಿಡವ್ವ, ಆಯ್ತು' ಅಂದರು. ಸಿಟ್ಟೇನೂ ಇರಲಿಲ್ಲ ಆ ದನಿಯಲ್ಲಿ. ಕಾಫಿಗೆ ಬಾ ಅನ್ನುವ ಮಾತು ಮಾತ್ರ ಇರಲಿಲ್ಲ. ಹೆಪ್ಪಿಗೆ ಮಜ್ಜಿಗೆ ಬೇಕಾದಾಗಲೆಲ್ಲ ಗೋಡೆಯಾಚೆಯಿಂದ ನನ್ನನ್ನು ಕೂಗುತ್ತಿದ್ದವರು ಆಮೇಲೆ ಬಹಳ ದಿನ ಅಜ್ಜಿಯನ್ನು ಕೂಗಿದರು. ಅವರ ಮಗ ಬೆಂಗಳೂರಿಗೆ ಕೆಲಸಕ್ಕೆ ಹೋದ. ಹಬ್ಬಕ್ಕೆ ಬಂದಾಗ ಮಾತಾಡುತ್ತಾನೆ. ಚುನಾವಣೆಯ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ.

ಅಕ್ಕ ಕೆಟ್ಟ ಸದಸ್ಯೆಯಾಗಲಿಲ್ಲ. ಇದನ್ನು ಹೇಳದಿದ್ದರೆ ಅವಳಿಗೆ ಅನ್ಯಾಯ. ಕೆಳಗಿನ ಬೀದಿಗೆ ಪೈಪು ಬಂತು. ಅರ್ಜಿಗಳನ್ನು ನಾನೇ ಬರೆದುಕೊಟ್ಟೆ. ಅವಳು ಪಿಡಿಒ ಮುಂದೆ ನಿಂತು ಮಾತಾಡುವುದನ್ನು ಕಲಿತಳು. ಸಭೆಗೆ ಗಂಡನನ್ನೋ ಮೈದುನನನ್ನೋ ಕಳಿಸದೆ ತಾನೇ ಹೋದಳು. ಚರಂಡಿಯ ಕೆಲಸ ಮಾತ್ರ ಯಾರಿಗೆ ಹೋಯಿತು, ಅದು ಒಂದೇ ಮಳೆಗಾಲಕ್ಕೆ ಯಾಕೆ ಕಿತ್ತುಹೋಯಿತು ಅನ್ನುವುದನ್ನು ನೋಡಿದಾಗ, ಆ ರಾತ್ರಿ ನಾನು ಕೇಳಿದ ಎರಡನೇ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಕ್ಕಿತು. ಕಿತ್ತುಹೋದ ಚರಂಡಿಯ ಮುಂದೆ ನಿಂತು ಅಕ್ಕ ನನ್ನ ಮುಖ ನೋಡಿದಳು. ಇಬ್ಬರೂ ಆಗಲೂ ಏನೂ ಕೇಳಿಕೊಳ್ಳಲಿಲ್ಲ.

ಗೆಲುವಿನ ಬಗ್ಗೆ ಯಾರಾದರೂ ಮಾತಾಡಿದರೆ ನನಗೆ ಈಗಲೂ ನೆನಪಾಗುವುದು ಆ ಇನ್ನೂರು ಹೆಜ್ಜೆ. ಕೋಣೆಯಿಂದ ಗೇಟಿನವರೆಗೆ. ಬೆಳದಿಂಗಳು ಆಗತಾನೇ ಏರುತ್ತಿತ್ತು, ಯಾರಿಗೂ ಏನೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಎದೆಯಲ್ಲಿ ಅಷ್ಟು ದೊಡ್ಡ ಸಂತೋಷ ಇಟ್ಟುಕೊಂಡು, ಪಕ್ಕದಲ್ಲಿ ನಡೆಯುತ್ತಿದ್ದವನಿಗೆ ನೋವಾದೀತು ಅಂತ ಅದನ್ನು ಮುಖಕ್ಕೆ ಬಾರದ ಹಾಗೆ ಹಿಡಿದುಕೊಂಡು ನಡೆದಿದ್ದೆ. ಆಮೇಲೆ ಟ್ರ್ಯಾಕ್ಟರಿನ ಮೇಲೆ ಅಷ್ಟು ಮಾತ್ರದ ಹಿಡಿತವೂ ನನ್ನಲ್ಲಿ ಉಳಿಯಲಿಲ್ಲ.

ಸದಸ್ಯರ ಐದು ವರ್ಷ ಮುಗಿಯುತ್ತಾ ಬಂದಾಗ ಅಕ್ಕನ ಮೈದುನ ಬಸ್‌ಸ್ಟಾಂಡಿನಲ್ಲಿ ಸಿಕ್ಕಿದ. 'ಆ ಬುಕ್ಕು ಇನ್ನೂ ಮಡಗಿದೀಯೇನವ್ವ? ಚೆನ್ನಾಗಿ ಬರೆದಿದ್ದೆ' ಅಂದ. ಕಳೆದುಹೋಯಿತು ಅಂದೆ. ಕಳೆದಿಲ್ಲ. ನನ್ನ ಟ್ರಂಕಿನ ತಳದಲ್ಲಿದೆ. ಪಟ್ಟಿಯಲ್ಲಿರುವ ಎಷ್ಟೋ ಜನ ಈಗಿಲ್ಲ. ಅಜ್ಜಿಯೂ ಹೋಯಿತು, ಯಾರಿಗೆ ಹಾಕಿದ್ದೆ ಅಂತ ಕೊನೆಗೂ ಹೇಳದೆ. ಅದರ ಹೆಸರಿರುವ ಪುಟದಲ್ಲಿ ಕೆಂಪು ಪ್ರಶ್ನಾರ್ಥಕ ಹಾಗೇ ಇದೆ. ನಾಲ್ಕು ಮಡಿಕೆಯ ಐನೂರರ ನೋಟೂ ಅದೇ ಪುಟದಲ್ಲಿದೆ.